ಹಳೆಯ ಅಂಗಡಿಗಳ ಕ್ಯಾಟಲಾಗು, ಕರಪತ್ರ, ಕ್ಯಾಲೆಂಡರು ಸಂಗ್ರಹ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಹಳೆಯ ಜಾಹೀರಾತು ಕಾಗದ ಕೂಡಿಡುವವರು ಭೇಟಿಯಾದಾಗ, ಪತ್ರ ಬರೆದಾಗ, ಫೋಟೋ ಕಳಿಸಿ ವಿಚಾರಿಸಿದಾಗ ತಿರುತಿರುಗಿ ಬರುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಹೊಸಬರ ಪ್ರಶ್ನೆ ಮೊದಲು, ಪಳಗಿದವರದು ಆಮೇಲೆ. ಯಾವುದನ್ನಾದರೂ ಬಿಡಿಯಾಗಿ ಓದಿಕೊಳ್ಳಬಹುದು.

## ಈಗಷ್ಟೇ ಶುರು ಮಾಡಿದವರಿಗೆ

ಇದರಾಗ ಏನೇನ್ ಬರ್ತಾವ್ರಿ? ಬರೇ ಕ್ಯಾಲೆಂಡರ್ ಅಷ್ಟ ಏನು?

ಅಂಗಡಿಯವರು ಗಿರಾಕಿಯ ಕೈ ಸೇರಲೆಂದು ಅಚ್ಚು ಹಾಕಿಸಿದ ಕಾಗದವೆಲ್ಲ ಬರುತ್ತದೆ. ಜವಳಿ ಅಂಗಡಿಯ ದರಪಟ್ಟಿ, ದೀಪಾವಳಿ ಪಾಡ್ಯದ ಲಕ್ಷ್ಮೀ ಪೂಜೆಯ ಆಮಂತ್ರಣ, ಸೀರೆ ಡಬ್ಬಿಯ ಲೇಬಲ್ಲು, ಮಿಲ್ಲಿನ ಬಟ್ಟೆಯ ತಾನಿಗೆ ಅಂಟಿಸಿ ಬರುತ್ತಿದ್ದ ಬಣ್ಣದ ಟಿಕೀಟು, ಸರಾಫರು ಉಂಗುರ ಹಾಕಿ ಕೊಡುತ್ತಿದ್ದ ಪುಟ್ಟ ಲಕೋಟೆ, ರೇಡಿಯೊ, ಸೈಕಲ್ಲು, ಹೊಲಿಗೆ ಯಂತ್ರಗಳ ಬ್ರೋಷರು, ನಾಟಕ ಕಂಪನಿಯ ಹ್ಯಾಂಡ್‌ಬಿಲ್ಲು, ಸಿನಿಮಾ ಹಾಡಿನ ಪುಸ್ತಕ. ಹಾವೇರಿ ಕಡೆ ಬ್ಯಾಡಗಿ ಮೆಣಸಿನಕಾಯಿಯ ಅಡತಿ ಅಂಗಡಿಗಳ ಕಾರ್ಡು, ರಾಣೆಬೆನ್ನೂರಿನ ಬೀಜದ ಅಂಗಡಿಗಳ ಕರಪತ್ರಗಳೂ ಈ ಸಾಲಿನವೇ.

ಅಂಗಡಿಯ ಬಿಲ್ಲನ್ನು ಜಾಹೀರಾತಲ್ಲವೆಂದು ಬಿಡುವವರು ಬಹಳ ಮಂದಿ. ಬಿಡಬೇಡಿ. ಬಿಲ್ಲಿನ ತಲೆಬರಹದಲ್ಲಿ ಅಂಗಡಿಯ ಚಿತ್ರ, ಛಾಪ (ಟ್ರೇಡ್ ಮಾರ್ಕು), ಏಜೆನ್ಸಿಗಳ ಹೆಸರು ಇರುತ್ತವೆ. ಕೆಳಗೆ ಶಾಯಿಯಲ್ಲಿ ತಾರೀಖು ಬರೆದಿರುತ್ತದೆ. ಅದೇ ಅಂಗಡಿಯ ತಾರೀಖಿಲ್ಲದ ಹತ್ತು ಕರಪತ್ರಗಳ ಕಾಲ ಗೊತ್ತುಮಾಡಲು ಒಂದು ಬಿಲ್ಲು ಸಾಕಾಗುತ್ತದೆ.

ನಮ್ಮ ಕಡೆ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್ ಇರಲೇ ಇಲ್ಲ. ಅಂಥಾ ಅಂಗಡಿ ಕ್ಯಾಟಲಾಗು ಧಾರವಾಡದಾಗ ಹೆಂಗ ಸಿಗ್ತಾವು?

ಅಂಚೆಯಲ್ಲಿ ಬಂದವು. ವಿ.ಪಿ. (ವ್ಯಾಲ್ಯೂ ಪೇಯಬಲ್) ಪದ್ಧತಿ 1877ರಲ್ಲೇ ಶುರುವಾಗಿತ್ತು. ಕ್ಯಾಟಲಾಗು ನೋಡಿ ಪತ್ರ ಹಾಕಿದರೆ ಸಾಮಾನು ಮನೆಗೇ ಬರುತ್ತಿತ್ತು, ರೊಕ್ಕ ಅಂಚೆಯವನ ಕೈಗೆ. 1882ರಲ್ಲಿ ಕಲಕತ್ತೆಯಲ್ಲಿ ಶುರುವಾದ ವೈಟ್‌ಅವೇ ಲೇಡ್‌ಲಾ, 1891ರಲ್ಲಿ ಮುಂಬಯಿಯಲ್ಲಿ ಮಳಿಗೆ ತೆರೆದ ಆರ್ಮಿ ಅಂಡ್ ನೇವಿ ಸ್ಟೋರ್ಸ್ ಇಂಥ ದಪ್ಪ ಕ್ಯಾಟಲಾಗು ಹಂಚುತ್ತಿದ್ದವು. ಧಾರವಾಡದಲ್ಲಿ ಕಲೆಕ್ಟರ್ ಕಚೇರಿ, ಕೋರ್ಟು, ಕಾಲೇಜು ಇದ್ದವು, ಹುಬ್ಬಳ್ಳಿಯಲ್ಲಿ ರೈಲ್ವೆ ವರ್ಕ್‌ಶಾಪು. ಸಾಹೇಬರ ಮನೆ, ವಕೀಲರ ಮನೆಗಳಿಗೆ ಇವು ಬಂದಿರುವುದು ಸಹಜ. ಇಡೀ ಪುಸ್ತಕ ಸಿಗುವುದು ಅಪರೂಪ. ಕತ್ತರಿಸಿದ ಹಾಳೆ, ಆರ್ಡರ್ ಫಾರಮ್ಮು ಸಿಗುತ್ತವೆ.

ನಮ್ಮ ಅಭಿಪ್ರಾಯ ಕೇಳಿದರೆ, ಮುಂಬಯಿಯ ಕ್ಯಾಟಲಾಗಿಗಿಂತ ಜವಳಿ ಸಾಲಿನ ಒಂದು ಹಾಳೆ ದರಪಟ್ಟಿಗೆ ತೂಕ ಹೆಚ್ಚು. ದೊಡ್ಡ ಕಂಪನಿಯ ಕ್ಯಾಟಲಾಗಿನ ಪ್ರತಿ ಬೇರೆಲ್ಲಾದರೂ ಉಳಿದಿರುತ್ತದೆ. ಇಲ್ಲಿನ ದರಪಟ್ಟಿ ಇಲ್ಲಿ ಹೋದರೆ ಹೋಯಿತು.

ಸಿಕ್ಕದ್ದೆಲ್ಲಾ ಇಡಬೇಕೋ, ಒಂದು ವಿಷಯ ಹಿಡೀಬೇಕೋ?

ಮೊದಲ ವರ್ಷ ಸಿಕ್ಕದ್ದೆಲ್ಲ ಇಡಿ, ಕಣ್ಣು ಪಳಗುತ್ತದೆ. ಆಮೇಲೆ ಒಂದು ಓಣಿಯನ್ನೋ ಒಂದು ವ್ಯಾಪಾರವನ್ನೋ ಹಿಡಿಯಿರಿ. ಹುಬ್ಬಳ್ಳಿಯ ದುರ್ಗದ ಬೈಲಿನ ಸುತ್ತಲಿನ ಅಂಗಡಿಗಳು, ಗದಗಿನ ಪ್ರೆಸ್ಸುಗಳು, ಖಾದಿ ಭಂಡಾರಗಳ ರಿಯಾಯಿತಿ ಪ್ರಕಟಣೆಗಳು (ಹುಬ್ಬಳ್ಳಿ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಿಂದ ಇದೆ) ಇವೆಲ್ಲ ಒಬ್ಬರ ಕೈಗೆ ನಿಲುಕುವ ವಿಷಯಗಳು. ಧಾರವಾಡದವರಿಗೆ ಗ್ರಾಮಫೋನ್ ತಟ್ಟೆಗಳ ಪಟ್ಟಿಗಿಂತ ಚಲೋ ವಿಷಯ ಇಲ್ಲ. ಅದರಲ್ಲಿ ‘ಗಾಂಧಾರಿ’ ಎಂಬ ಹೆಸರು ಕಂಡರೆ ಪುಟ ಮಗುಚಬೇಡಿ. ಗಂಗೂಬಾಯಿ ಹಾನಗಲ್ಲರ ಮೊದಮೊದಲ ತಟ್ಟೆಗಳು ಆ ಹೆಸರಿನಲ್ಲಿ ಬಂದವು.

ನಾಟಕದ ಕಡೆ ಒಲವಿದ್ದವರಿಗೆ ಗದಗು ದೊಡ್ಡ ಗಣಿ. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಅಲ್ಲಿನದು. ನಾಟಕದ ಹ್ಯಾಂಡ್‌ಬಿಲ್ಲಿನ ಅಂಚಿನಲ್ಲಿ ಊರಿನ ಅಂಗಡಿಗಳ ಜಾಹೀರಾತೂ ಇದ್ದರೆ ಎರಡೂ ಸಂಗ್ರಹಕ್ಕೆ ಸಲ್ಲುತ್ತದೆ.

## ಹುಡುಕಾಟ

ರದ್ದಿ ಅಂಗಡಿ ಸುತ್ತಿ ಸುತ್ತಿ ಸಾಕಾತು, ಏನೂ ಸಿಗವಲ್ದು. ಎಲ್ಲಿ ನೋಡಬೇಕ್ರಿ?

ರದ್ದಿ ಅಂಗಡಿಯಲ್ಲಿ ಬಿಡಿ ಕಾಗದ ಹುಡುಕಿದರೆ ಸಿಗುವುದಿಲ್ಲ, ಅದು ಆಗಲೇ ಚೀಲ ಸೇರಿರುತ್ತದೆ. ಅಲ್ಲಿ ಕೇಳಬೇಕಾದದ್ದು ಹಳೆಯ ಕಿರ್ದಿ, ಖಾತೆ ಪುಸ್ತಕ, ಬಿಲ್ಲಿನ ಫೈಲು. ಅವುಗಳ ನಡುವೆ ಬೇರೆ ಊರಿನ ವ್ಯಾಪಾರಿಗಳ ದರಪಟ್ಟಿ ಸಿಕ್ಕಿಕೊಂಡಿರುತ್ತವೆ. ಹಳೆಯ ಶಾಲಾ ಪುಸ್ತಕಗಳ ಹೊದಿಕೆಯನ್ನು ಬಿಚ್ಚಿ ನೋಡಿ: ಕ್ಯಾಲೆಂಡರಿನ ಚಿತ್ರ ಒಳಮುಖವಾಗಿ ಮಡಚಿ ರಟ್ಟು ಹಾಕುತ್ತಿದ್ದರು, ಬೆಳಕು ತಾಗದ್ದರಿಂದ ಆ ಬಣ್ಣ ಗೋಡೆಗೆ ತೂಗಿದ ಕ್ಯಾಲೆಂಡರಿಗಿಂತ ಗಾಢವಾಗಿ ಉಳಿದಿರುತ್ತದೆ. ದೇವರ ಫೋಟೋದ ಕಟ್ಟಿನ ಹಿಂಬದಿಯ ತುಂಬುಕಾಗದ, ಟ್ರಂಕಿನ ಮುಚ್ಚಳದ ಒಳಗಿನ ಅಸ್ತರು, ಕಾಪಾಟಿನ ಹಲಗೆಯ ಮೇಲೆ ಹಾಸಿದ ಹಾಳೆ, ಪಂಚಾಂಗದ ನಡುವೆ ಸಿಕ್ಕಿಸಿದ ಆಮಂತ್ರಣ, ಹಳೆಯ ದರ್ಜಿ ಅಂಗಡಿಯ ಅಳತೆ ಪುಸ್ತಕ, ಇವೆಲ್ಲ ಫಲ ಕೊಡುವ ಜಾಗಗಳು.

ಮುಖ್ಯವಾದ ಇನ್ನೊಂದು ಜಾಗ ಹಳೆಯ ಮುದ್ರಣಾಲಯ. ಗದಗಿಗೆ ಮುದ್ರಣ ಕಾಶಿ ಎಂಬ ಹೆಸರೇ ಇದೆ. ಹುಬ್ಬಳ್ಳಿಯ ಅಂಗಡಿಯ ಕೆಲಸವೂ ಅಲ್ಲಿ ಅಚ್ಚಾಗಿರುತ್ತದೆ. ಪ್ರೆಸ್ಸಿನವರು ಪ್ರತಿ ಕೆಲಸದ ಒಂದೊಂದು ನಮೂನೆಯನ್ನು ತಂತಿಗೆ ಚುಚ್ಚಿ ಅಥವಾ ಫೈಲಿಗೆ ಅಂಟಿಸಿ ಇಡುವುದುಂಟು. ಅಂಥ ನಮೂನೆ ಫೈಲು ಸಿಕ್ಕರೆ ಹಾಳೆ ಬಿಡಿಸಬೇಡಿ, ಇದ್ದ ಅನುಕ್ರಮದಲ್ಲೇ ಇಡಿ. ಯಾವುದರ ನಂತರ ಯಾವುದು ಅಚ್ಚಾಯಿತು ಎನ್ನುವುದು ಆ ಅನುಕ್ರಮದಲ್ಲಿದೆ.

ಅಂಗಡಿ ಸಾವುಕಾರ್ರನ್ನ ಹೆಂಗ ಕೇಳಬೇಕು? ಹೋದರ ‘ಏನೂ ಇಲ್ಲರಿ’ ಅಂತಾರ.

ಕೈಬೀಸಿಕೊಂಡು ಹೋಗಿ ‘ಹಳೇ ಕಾಗದ ಅದಾವೇನ್ರಿ’ ಅಂದರೆ ಇಲ್ಲವೆಂಬ ಉತ್ತರವೇ ಬರುತ್ತದೆ. ಅವರದೇ ಅಂಗಡಿಯ ಒಂದು ಹಳೆಯ ಬಿಲ್ಲನ್ನೋ ಅದರ ಫೋಟೋವನ್ನೋ ತೋರಿಸಿ. ‘ನಮ್ಮ ಅಪ್ಪಾರ ಅಕ್ಷರ ಇದು’ ಎಂದು ಮಾತು ಶುರುವಾಗುತ್ತದೆ. ಶ್ರಾವಣದಿಂದ ದೀಪಾವಳಿವರೆಗೆ, ಲಗ್ನಸರಾಯಿಯಲ್ಲಿ, ಸಂಜೆ ಹೊತ್ತಿನಲ್ಲಿ ಹೋಗಬೇಡಿ. ದೀಪಾವಳಿಗೆ ಮುಂಚೆ ಅಂಗಡಿ ಸುಣ್ಣ-ಬಣ್ಣ ಮಾಡುವಾಗ ಅಟ್ಟದ ಮೇಲಿನದು ಕೆಳಗಿಳಿಯುತ್ತದೆ. ‘ಅಷ್ಟೊತ್ತಿಗೆ ಒಂದು ಫೋನ್ ಮಾಡ್ರಿ’ ಎಂದು ಮೊದಲೇ ಹೇಳಿಟ್ಟು ಬನ್ನಿ. ಕೊಡಲು ಮನಸ್ಸಿಲ್ಲದವರಿಂದ ಅಲ್ಲೇ ಫೋಟೋ ತೆಗೆದುಕೊಂಡರೂ ಆಯಿತು.

ಎಷ್ಟು ರೊಕ್ಕ ಕೊಟ್ಟರ ಬರೋಬ್ಬರಿ?

ರದ್ದಿಯವರಿಂದಾದರೆ ತೂಕದ ದರಕ್ಕೆ ಸ್ವಲ್ಪ ಮೇಲೆ ಕೊಟ್ಟು ಇಡೀ ಕಟ್ಟು ತಗೊಳ್ಳಿ. ಒಂದೇ ಹಾಳೆ ಆರಿಸಿ ತೆಗೆದರೆ ಮುಂದಿನ ಸಲ ಬೆಲೆ ಏರುತ್ತದೆ, ಕಟ್ಟೂ ಒಡೆಯುತ್ತದೆ. ಬಿಡಿಯಾಗಿ ಮಾರುವವರ ಹತ್ತಿರ ಬೆಲೆ ಏರಿಸುವ ಅಂಶಗಳು ಇವು: ಸ್ಥಳೀಯ ವಿಳಾಸ, ಬಣ್ಣದ ಕಲ್ಲಚ್ಚು (ಲಿಥೋ), ಹೆಸರಾಂತ ಕಲಾವಿದನ ಸಹಿ (ಕಲಬುರಗಿಯ ಎಸ್. ಎಂ. ಪಂಡಿತರದು ಹೆಚ್ಚಾಗಿ ಕೇಳಿಬರುತ್ತದೆ), ತಾರೀಖಿನ ಪ್ಯಾಡು ಪೂರ್ತಿ ಉಳಿದಿರುವುದು. ಅಂಚು ಕತ್ತರಿಸಿ ಕಟ್ಟು ಹಾಕಿಸಿದ್ದರೆ ಬೆಲೆ ಇಳಿಯುತ್ತದೆ. ಅಂಗಡಿಯ ಹೆಸರು ಸಾಮಾನ್ಯವಾಗಿ ಆ ಅಂಚಿನಲ್ಲೇ ಇರುವುದರಿಂದ ಚಿತ್ರವಷ್ಟೇ ಉಳಿದ ಹಾಳೆಗೆ ನಮ್ಮ ದೃಷ್ಟಿಯಲ್ಲಿ ಅರ್ಧ ಬೆಲೆಯೂ ಇಲ್ಲ.

## ಕಾಲ ಗುರುತಿಸುವುದು

ಇಸವಿನೇ ಹಾಕಿಲ್ಲ. ಯಾವ ಕಾಲದ್ದು ಅಂತ ಹೆಂಗ ಹೇಳೋದು?

ಚಿತ್ರ ಬಿಡಿ, ಬೆಲೆ ಮತ್ತು ವಿಳಾಸ ಓದಿ. ಬೆಲೆ ‘2-8-0’ ಎಂದಿದ್ದರೆ ಅದು 2 ರೂಪಾಯಿ 8 ಆಣೆ. 1957ರ ಏಪ್ರಿಲ್ 1ಕ್ಕೆ ದಶಮಾಂಶ ನಾಣ್ಯ ಬರುವ ಮೊದಲಿನದು ಅಥವಾ ರೂಢಿ ಬಿಡದ ಒಂದೆರಡು ವರ್ಷ ಆಚೆಯದು. ‘ನ.ಪೈ.’ (ನಯೇ ಪೈಸೆ) ಎಂದರೆ 1957 ಮತ್ತು 1964ರ ನಡುವಿನದು. ಆಮೇಲೆ ‘ನಯೇ’ ಬಿದ್ದುಹೋಗಿ ಬರೀ ಪೈಸೆ ಉಳಿಯಿತು. ಸೇರು, ಮಣ, ತೊಲ, ವಾರ (ಗಜ) ಇವುಗಳ ಬದಲು ಕಿಲೊ, ಮೀಟರು 1958ರಿಂದ ಹಂತಹಂತವಾಗಿ ಬಂದು 1962ರ ಹೊತ್ತಿಗೆ ಕಡ್ಡಾಯವಾದವು. ‘₹’ ಗುರುತು 2010ರದು. ಅದಿದ್ದ ‘ಹಳೆಯ’ ಹಾಳೆ ಹಳೆಯದಲ್ಲ.

ವಿಳಾಸದಲ್ಲಿ ‘ಮುಂಬಯಿ ಇಲಾಖೆ’ ಇದ್ದರೆ ಸ್ವಾತಂತ್ರ್ಯಕ್ಕೆ ಮೊದಲಿನ ಕಾಲ, ‘ಮುಂಬಯಿ ರಾಜ್ಯ’ ಇದ್ದರೆ 1956ರ ನವೆಂಬರ್ 1ರ ಮೊದಲು. ‘ಮೈಸೂರು ರಾಜ್ಯ’ 1956ರಿಂದ 1973ರವರೆಗೆ. ಇಲ್ಲಿ ಎಡವುವವರು ಬಹಳ: ‘ಕರ್ನಾಟಕ’ ಎಂಬ ಹೆಸರು ಕಂಡ ಕೂಡಲೇ 1973ರ ನಂತರದ್ದು ಎನ್ನಬಾರದು. ಧಾರವಾಡದ ಕರ್ನಾಟಕ ಕಾಲೇಜು 1917ರದು. ಈ ಭಾಗದಲ್ಲಿ ಆ ಹೆಸರು ಏಕೀಕರಣಕ್ಕಿಂತ ಎಷ್ಟೋ ಮೊದಲೇ ಬಳಕೆಯಲ್ಲಿತ್ತು. ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರ. ‘ಗದಗ, ಜಿ. ಧಾರವಾಡ’ ಅಥವಾ ‘ಹಾವೇರಿ, ಜಿ. ಧಾರವಾಡ’ ಎಂದಿದ್ದರೆ ಜಿಲ್ಲೆ ಒಡೆದ 1997ಕ್ಕೆ ಮೊದಲು. ‘ಎಂ.ಎಸ್.ಎಂ. ರೈಲ್ವೆ’ (ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ) ಸ್ಟೇಷನ್ ಎಂದು ಕೊಟ್ಟಿದ್ದರೆ 1908ರಿಂದ 1951ರ ಒಳಗಿನದು. ಇಂಗ್ಲಿಷಿನಲ್ಲಿ ಹುಬ್ಳಿ ಬದಲು ಹುಬ್ಬಳ್ಳಿ ಎಂಬ ಕಾಗುಣಿತ ಅಧಿಕೃತವಾದದ್ದು 2014ರ ನವೆಂಬರ್ 1ರಿಂದ.

ಶಕೆ ಬರೆದಿದ್ದರೆ 78 ಕೂಡಿಸಿ. ಸಂವತ್ಸರದ ಹೆಸರು ಇದ್ದರೆ 60 ವರ್ಷದ ಚಕ್ರ: ಸರ್ವಜಿತ್ ಎಂದರೆ 1947-48 ಅಥವಾ 2007-08. ಯಾವುದೆಂಬುದನ್ನು ಕಾಗದವೇ ಹೇಳುತ್ತದೆ. ಒಂದೇ ಸುಳಿವಿನ ಮೇಲೆ ನಿಲ್ಲಬೇಡಿ; ಹಳೆಯ ಲೆಟರ್‌ಹೆಡ್ಡಿನ ದಾಸ್ತಾನು ಮುಗಿಯುವವರೆಗೂ ಅಂಗಡಿಯವರು ಬಳಸುತ್ತಿದ್ದರು. ಎರಡು ಸುಳಿವು ಕೂಡಿದಾಗಲೇ ಇಸವಿ ಬರೆಯಿರಿ, ಅದೂ ‘ಸುಮಾರು’ ಎಂದು.

ಕ್ಯಾಲೆಂಡರಿನ ಒಂದ ತಿಂಗಳ ಹಾಳೆ ಉಳದೈತಿ, ಇಸವಿ ಹರದ ಹೋಗೈತಿ. ಗೊತ್ತಾಗತೈತೇನು?

ವಾರ-ತಾರೀಖು ಹೊಂದಿಸಿದರೆ ನಾಲ್ಕಾರು ವರ್ಷಗಳಿಗೆ ಇಳಿಯುತ್ತದೆ. 1947ರಿಂದ 1990ರ ಒಳಗಿನ ಹಾಳೆಯಲ್ಲಿ ಆಗಸ್ಟ್ 15 ಶುಕ್ರವಾರ ಬಿದ್ದಿದ್ದರೆ 1947, 1952, 1958, 1969, 1975, 1980, 1986 ಇವುಗಳಲ್ಲೊಂದು. ಇನ್ನು ಹಬ್ಬ ನೋಡಿ. ಚಾಂದ್ರಮಾನದ ಹಬ್ಬಗಳು ಪ್ರತಿ ವರ್ಷ ಜಾರುವುದರಿಂದ ಗೌರಿ-ಗಣೇಶ ಯಾವ ತಾರೀಖಿಗೆ ಬಂದಿದೆ ಎನ್ನುವುದೇ ಉತ್ತರ ಕೊಡುತ್ತದೆ. ಅಧಿಕ ಮಾಸ ಬಂದಿದ್ದರೆ ಇನ್ನೂ ಸುಲಭ, ಅದು ಬರುವುದೇ ಸುಮಾರು 32-33 ತಿಂಗಳಿಗೊಮ್ಮೆ. ಹಳೆಯ ಪಂಚಾಂಗಗಳ ಒಂದು ಕಟ್ಟು ಕೈಯಲ್ಲಿದ್ದರೆ ಐದು ನಿಮಿಷದ ಕೆಲಸ.

ಕಲ್ಲಚ್ಚು, ಮೊಳೆ ಅಚ್ಚು, ಆಫ್‌ಸೆಟ್ ಅಂತಾರಲ್ಲ, ಬರೀ ಕಣ್ಣಿಗೆ ವ್ಯತ್ಯಾಸ ಕಾಣಸತೈತೇನು?

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪು ಇಟ್ಟುಕೊಳ್ಳಿ, ಗಡಿಯಾರ ರಿಪೇರಿಯವರು ಬಳಸುವಂಥದ್ದು ಸಾಕು. ಮೊಳೆ ಅಚ್ಚಿನಲ್ಲಿ (ಅಕ್ಷರದ ಮೊಳೆ ಜೋಡಿಸಿ ಒತ್ತುವ ಲೆಟರ್ ಪ್ರೆಸ್) ಅಕ್ಷರ ಕಾಗದದೊಳಗೆ ಒತ್ತಿರುತ್ತದೆ. ಹಿಂಬದಿಗೆ ಬೆರಳಾಡಿಸಿದರೆ ಉಬ್ಬು ತಾಗುತ್ತದೆ, ಅಕ್ಷರದ ಅಂಚಿನಲ್ಲಿ ಶಾಯಿ ಹಿಂಡಿ ಗಾಢವಾದ ಗೆರೆ ಕಟ್ಟಿರುತ್ತದೆ. ಕಲ್ಲಚ್ಚಿನಲ್ಲಿ ಒತ್ತು ಇಲ್ಲ, ಬಣ್ಣ ಮರಳಿನಂಥ ಅಡ್ಡಾದಿಡ್ಡಿ ಕಾಳುಗಳಲ್ಲಿ ಕೂತಿರುತ್ತದೆ. ಆಫ್‌ಸೆಟ್ಟಿನಲ್ಲಿ ನಾಲ್ಕು ಬಣ್ಣದ ಚುಕ್ಕಿಗಳು ಸಾಲಾಗಿ ಸೇರಿ ಪುಟ್ಟ ಹೂವಿನ ಆಕಾರ ಮಾಡುತ್ತವೆ. 1894ರಲ್ಲಿ ಮುಂಬಯಿಯಲ್ಲಿ ಶುರುವಾಗಿ ಮುಂದೆ ಲೋಣಾವಳದ ಹತ್ತಿರದ ಮಳವ್ಲಿಗೆ ಹೋದ ರವಿವರ್ಮ ಪ್ರೆಸ್ಸಿನ ಚಿತ್ರಗಳು ಕಲ್ಲಚ್ಚಿನವು. ಶಿವಕಾಶಿಯ ಈಚಿನ ಕ್ಯಾಲೆಂಡರುಗಳು ಆಫ್‌ಸೆಟ್.

ಒಂದೇ ಹಾಳೆಯಲ್ಲಿ ಎರಡೂ ಇರಬಹುದು. ಚಿತ್ರ ಶಿವಕಾಶಿಯಲ್ಲಿ ಸಾವಿರಗಟ್ಟಲೆ ಅಚ್ಚಾಗಿ, ಕೆಳಗಿನ ಬಿಳಿ ಪಟ್ಟಿ ಖಾಲಿ ಬರುತ್ತಿತ್ತು. ಅಂಗಡಿಯ ಹೆಸರನ್ನು ಇಲ್ಲಿನ ಟ್ರೆಡಲ್ ಮಷೀನಿನಲ್ಲಿ (ಕಾಲಲ್ಲಿ ತುಳಿಯುವ ಮೊಳೆ ಅಚ್ಚಿನ ಯಂತ್ರ) ಆಮೇಲೆ ಹೊಡೆಯುತ್ತಿದ್ದರು. ಲೂಪಿನಡಿ ಲಕ್ಷ್ಮಿಯ ಸೀರೆ ಚುಕ್ಕಿಚುಕ್ಕಿ; ಎರಡು ಅಂಗುಲ ಕೆಳಗೆ ಅಂಗಡಿಯ ಹೆಸರು ಒತ್ತಿದ ಮೊಳೆ, ಎಲ್ಲೋ ಒಂದು ಒತ್ತಕ್ಷರ ಸವೆದು ತುಂಡಾಗಿರುತ್ತದೆ. ಅದೇ ತುಂಡು ಒತ್ತಕ್ಷರ ಇನ್ನೊಂದು ಕರಪತ್ರದಲ್ಲೂ ಕಂಡರೆ ಎರಡೂ ಒಂದೇ ಪ್ರೆಸ್ಸಿನವು ಎಂದು ಬಹುಮಟ್ಟಿಗೆ ಹೇಳಬಹುದು.

ನಕಲಿ ಮಾರ್ತಾರಂತ. ಹೆಂಗ ಹಿಡಿಯೋದು?

ಸ್ಕ್ಯಾನ್ ಮಾಡಿ ಹೊಸ ಕಾಗದಕ್ಕೆ ಹೊಡೆದು ಚಹಾದ ನೀರಿನಲ್ಲಿ ಅದ್ದಿರುತ್ತಾರೆ. ನಿಜವಾಗಿ ಹಳತಾದ ಕಾಗದ ಅಂಚಿನಿಂದ ಒಳಕ್ಕೆ ಕಂದುತ್ತದೆ, ಮಡಿಕೆಯೊಳಗೆ ಬೆಳ್ಳಗಿರುತ್ತದೆ. ಚಹಾದ ಬಣ್ಣ ಎಲ್ಲೆಡೆ ಒಂದೇ ಸಮ. ಕತ್ತಲೆಯಲ್ಲಿ ನೋಟು ಪರೀಕ್ಷಿಸುವ ನೇರಳೆ (ಯು.ವಿ.) ಟಾರ್ಚಿನ ಬೆಳಕು ಹಾಯಿಸಿ: ಕಾಗದ ಹಾಲುನೀಲಿಯಾಗಿ ಹೊಳೆದರೆ ಅದರಲ್ಲಿ ಬಿಳುಪುಕಾರಕ ರಾಸಾಯನಿಕವಿದೆ, ಸುಮಾರು 1950ಕ್ಕಿಂತ ಹಿಂದಿನದಲ್ಲ. ಹೊಳೆಯದಿದ್ದರೆ ಹಳೆಯದೆಂದು ಅರ್ಥವಲ್ಲ, ಈಗಲೂ ಅಂಥ ಕಾಗದ ಬರುತ್ತದೆ. ಮೊಳೆ ಅಚ್ಚಿನ ಕರಪತ್ರವೆಂದು ಹೇಳುವ ಹಾಳೆಯ ಅಕ್ಷರದಲ್ಲಿ ಬಣ್ಣದ ಚುಕ್ಕಿ ಕಂಡರೆ ಮಾತು ಮುಗಿಯಿತು.

## ಜೋಪಾನ

ಲ್ಯಾಮಿನೇಷನ್ ಮಾಡಿಸಿಬಿಟ್ಟರ ಹಾಳಾಗೂದಿಲ್ಲ ಅಲ್ಲೇನ್ರಿ?

ಮಾಡಿಸಬೇಡಿ. ಬಿಸಿಗೆ ಕರಗಿದ ಅಂಟು ಕಾಗದದ ನಾರಿನೊಳಗೆ ಇಳಿಯುತ್ತದೆ, ಮತ್ತೆ ಬಿಡಿಸಲಾಗುವುದಿಲ್ಲ, ಕಾಗದದ ಆಮ್ಲ ಒಳಗೇ ಉಳಿದು ಕಂದುವುದು ನಿಲ್ಲುವುದಿಲ್ಲ. ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಲಕೋಟೆ, ಹಿಂದೆ ಆಮ್ಲರಹಿತ ರಟ್ಟು, ಅಷ್ಟು ಸಾಕು. ಹೊಸ ಮಳೆಕೋಟಿನ ವಾಸನೆ ಬರುವ ಪಿವಿಸಿ ಕವರು ಬೇಡ. ಅದು ಶಾಯಿಯನ್ನು ಎಳೆದುಕೊಳ್ಳುತ್ತದೆ.

ಮಳೆಗಾಲದಾಗ ಬೂಸು ಹಿಡಿತೈತಿ. ಏನ್ ಮಾಡಬೇಕು?

ಧಾರವಾಡದಲ್ಲಿ ಇದು ಗದಗಿಗಿಂತ ದೊಡ್ಡ ಕಾಟ. ಕಾಪಾಟನ್ನು ಹೊರಗೋಡೆಗೆ ತಾಗಿಸಬೇಡಿ, ಒಂದು ಗೇಣು ಬಿಡಿ. ನೆಲದಿಂದಲೂ ಅಷ್ಟೇ ಎತ್ತರ. ತೇವಾಂಶ ತೋರಿಸುವ ಪುಟ್ಟ ಮೀಟರು ಒಳಗಿಟ್ಟು 45ರಿಂದ 55ರಷ್ಟು ಇರುವಂತೆ ನೋಡಿಕೊಳ್ಳಿ. 65 ದಾಟಿ ದಿನಗಟ್ಟಲೆ ನಿಂತರೆ ಬೂಸು ಖಾತ್ರಿ. ಸಿಲಿಕಾ ಜೆಲ್ ಕೆಲಸ ಮಾಡುವುದು ಮುಚ್ಚಳ ಗಟ್ಟಿ ಕೂಡುವ ಡಬ್ಬಿಯಲ್ಲಿ ಮಾತ್ರ. ಕಿತ್ತಳೆ ಬಣ್ಣದ್ದು ಹಸಿರಾದಾಗ ಓವನ್ನಿನಲ್ಲಿ 110-120 ಡಿಗ್ರಿಯಲ್ಲಿ ಎರಡು ತಾಸು ಕಾಯಿಸಿದರೆ ಮತ್ತೆ ಬಳಸಬಹುದು.

ಬೂಸು ಹಿಡಿದ ಹಾಳೆಯನ್ನು ಕೂಡಲೇ ಬೇರೆ ಮಾಡಿ, ನೆರಳಲ್ಲಿ ಪೂರ್ತಿ ಒಣಗಿಸಿ, ಬಾಯಿ-ಮೂಗಿಗೆ ಮಾಸ್ಕ್ ಹಾಕಿಕೊಂಡು ಮನೆಯ ಹೊರಗೆ ಮೆತ್ತನೆ ಬ್ರಶ್ಶಿನಿಂದ ಉದುರಿಸಿ. ಹಸಿ ಇದ್ದಾಗ ಒರೆಸಿದರೆ ಕಲೆ ಒಳಗಿಳಿಯುತ್ತದೆ. ಗುಲಾಬಿ, ಹಸಿರು, ಹಳದಿ ಬಣ್ಣದ ತೆಳ್ಳನೆಯ ಹ್ಯಾಂಡ್‌ಬಿಲ್ ಕಾಗದಕ್ಕೆ ವಿಶೇಷ ಎಚ್ಚರ ಬೇಕು: ಒಂದು ಹನಿ ನೀರಿಗೂ ಬಣ್ಣ ಬಿಟ್ಟು ಪಕ್ಕದ ಹಾಳೆಗೆ ಹತ್ತುತ್ತದೆ. ಅವನ್ನು ಒಂದೊಂದಾಗಿ ಪ್ರತ್ಯೇಕ ಲಕೋಟೆಯಲ್ಲಿಡಿ.

ಹುಳ ಬಿದ್ದಾವ. ಬೇವಿನ ಎಲಿ ಹಾಕಲೇನು?

ಎಲೆಯನ್ನು ಕಾಗದಕ್ಕೆ ತಾಗಿಸಿ ಇಡಬೇಡಿ, ಅದರ ತೇವ ಮತ್ತು ಕಲೆ ಎರಡೂ ಹತ್ತುತ್ತವೆ. ಹುಳ ಬಿದ್ದ ಕಟ್ಟನ್ನು ಪಾಲಿಥೀನ್ ಚೀಲದಲ್ಲಿ ಗಾಳಿ ಹಿಂಡಿ ಬಿಗಿಯಾಗಿ ಕಟ್ಟಿ ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ತಣ್ಣನೆಯ ಕಾಗದದ ಮೇಲೆ ನೀರು ಕೂಡುತ್ತದೆ. ಗೆದ್ದಲು ಮಾತ್ರ ಬೇರೆ ಕತೆ, ಅದು ಗೋಡೆಯಿಂದ ಬರುವುದು. ಗೋಡೆಗೇ ಮದ್ದು ಹೊಡೆಸಬೇಕು.

ಸುರುಳಿ ಸುತ್ತಿಟ್ಟ ಕ್ಯಾಲೆಂಡರ್ ಬಿಚ್ಚಾಕ ಹೋದರ ಸೀಳತೈತಿ.

ಒಣಗಿ ಬಿರುಸಾದ ಕಾಗದಕ್ಕೆ ಮೊದಲು ತೇವದ ಗಾಳಿ ಬೇಕು. ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ಹಸಿ ಬಟ್ಟೆ, ಅದರ ಮೇಲೆ ಜಾಳಿಗೆ, ಜಾಳಿಗೆಯ ಮೇಲೆ ಸುರುಳಿ. ನೀರು ಕಾಗದಕ್ಕೆ ತಾಗಕೂಡದು. ಮುಚ್ಚಿ ಅರ್ಧ ತಾಸಿಗೊಮ್ಮೆ ನೋಡಿ. ಎರಡರಿಂದ ನಾಲ್ಕು ತಾಸಿನಲ್ಲಿ ತಾನೇ ಸಡಿಲಾಗುತ್ತದೆ. ಆಮೇಲೆ ಎರಡು ಬ್ಲಾಟಿಂಗ್ ಪೇಪರುಗಳ ನಡುವೆ ಹಾಸಿ, ಮೇಲೊಂದು ಹಲಗೆ, ಅದರ ಮೇಲೆ ಭಾರ. ಒಂದು ತಾಸಿಗೆ ಬ್ಲಾಟಿಂಗ್ ಬದಲಿಸಿ, ಮರುದಿನ ಮತ್ತೊಮ್ಮೆ, ನಂತರ ಒಂದು ವಾರ ಮುಟ್ಟಬೇಡಿ. ಹೊಳಪಿನ ಆರ್ಟ್ ಪೇಪರಿಗೆ ಇದು ಸಲ್ಲ; ಅದರ ಮೇಲಿನ ಲೇಪ ತೇವಕ್ಕೆ ಅಂಟಾಗಿ ಪದರಗಳು ಒಂದಕ್ಕೊಂದು ಹತ್ತಿಬಿಡುತ್ತವೆ. ಬಣ್ಣ ಬಿಡುವ ಕಾಗದಕ್ಕೂ, ಬೂಸು ಹಿಡಿದದ್ದಕ್ಕೂ ಬೇಡ. ಮೇಲೆ-ಕೆಳಗಿನ ತಗಡಿನ ಪಟ್ಟಿ ತುಕ್ಕು ಹಿಡಿದಿದ್ದರೆ ಎಳೆಯಬೇಡಿ, ತೆಳ್ಳನೆ ಬ್ಲೇಡಿನಿಂದ ಅದರ ಬಾಯಿ ಅಗಲಿಸಿ ಜಾರಿಸಿ ತೆಗೆಯಿರಿ.

ಹರದಲ್ಲೆ ಸೆಲ್ಲೋಟೇಪ್ ಹಚ್ಚಬಹುದೇನು?

ಇಲ್ಲ. ಕೆಲವೇ ವರ್ಷದಲ್ಲಿ ಟೇಪು ಉದುರಿ ಹಳದಿ ಅಂಟು ಉಳಿಯುತ್ತದೆ. ತೆಳ್ಳನೆಯ ಜಪಾನಿ ಕಾಗದದ ಪಟ್ಟಿಯನ್ನು ಗೋಧಿ ಪಿಷ್ಟದ ಅಂಟಿನಿಂದ ಹಿಂಬದಿಗೆ ಹಚ್ಚುವುದು ಸರಿಯಾದ ದಾರಿ. ಅದು ಸಿಗುವತನಕ ಹರಿದ ತುಂಡುಗಳನ್ನು ಒಂದೇ ಲಕೋಟೆಯಲ್ಲಿ ಸುಮ್ಮನೆ ಇಟ್ಟಿರಿ.

## ಪಳಗಿದವರಿಗೆ

ಪಟ್ಟಿ ಹೆಂಗ ಬರೀಬೇಕು? ಐದನೂರರ ಮ್ಯಾಲ ಆಗ್ಯಾವ, ನನಗ ನೆನಪಿರವಲ್ದು.

ಪ್ರತಿ ಹಾಳೆಗೂ ಒಂದು ಅನುಕ್ರಮ ಸಂಖ್ಯೆ. ಹಿಂಬದಿಯ ಕೆಳಮೂಲೆಯಲ್ಲಿ 2ಬಿ ಪೆನ್ಸಿಲಿನಿಂದ ಹಗುರವಾಗಿ ಬರೆಯಿರಿ. ಬಾಲ್‌ಪೆನ್ನು, ಸ್ಟಿಕರು ಬೇಡ. ಪಟ್ಟಿಯಲ್ಲಿ ಅಂಗಡಿ, ಓಣಿ, ಊರು, ಪ್ರೆಸ್ಸಿನ ಹೆಸರು, ಅಳತೆ ಮಿಲಿಮೀಟರಿನಲ್ಲಿ (ಮೊದಲು ಎತ್ತರ, ಆಮೇಲೆ ಅಗಲ), ಭಾಷೆ-ಲಿಪಿ, ಅಚ್ಚಿನ ಬಗೆ, ಇಸವಿ ಮತ್ತು ಆ ಇಸವಿಗೆ ಆಧಾರ, ಎಲ್ಲಿಂದ ಬಂತು, ಯಾವ ಸ್ಥಿತಿ. ಪ್ರೆಸ್ಸಿನ ಹೆಸರು ಹಾಳೆಯ ತೀರ ತುದಿಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿರುತ್ತದೆ, ತಪ್ಪಿಸಬೇಡಿ.

‘ಎಲ್ಲಿಂದ ಬಂತು’ ಎಂಬ ಅಂಕಣವನ್ನು ಅಂದೇ ತುಂಬಿ. ಯಾವ ಖಾತೆ ಪುಸ್ತಕದ ಯಾವ ಪುಟದ ನಡುವೆ ಇತ್ತು ಎನ್ನುವುದು ಇಸವಿ ಹಿಡಿಯಲು ಮುಂದೆ ಬೇಕಾಗುತ್ತದೆ. ಹಿಂಬದಿಯ ಲೆಕ್ಕ, ಮೋಡಿ ಲಿಪಿಯ (ಮರಾಠಿಯ ಹಳೆಯ ಕೂಡುಬರಹ) ಬರಹ, ಮಕ್ಕಳ ಮಗ್ಗಿ ಯಾವುದನ್ನೂ ಅಳಿಸಬೇಡಿ.

ಸ್ಕ್ಯಾನ್ ಎಷ್ಟಕ್ಕ ಇಡಬೇಕು?

ಎ4 ಅಳತೆಯ ಕರಪತ್ರಕ್ಕೆ 300 ಡಿಪಿಐ, ಲೇಬಲ್ಲು-ಟಿಕೀಟಿಗೆ 600. ಮೂಲ ಪ್ರತಿ ಟಿಫ್ ರೂಪದಲ್ಲಿ, ಹಂಚಲು ಜೆಪೆಗ್. ಚುಕ್ಕಿ ಅಚ್ಚಿನ ಚಿತ್ರದಲ್ಲಿ ಅಲೆಅಲೆಯಾಗಿ ಗೆರೆ ಬಂದರೆ 600ಕ್ಕೆ ಸ್ಕ್ಯಾನ್ ಮಾಡಿ ಆಮೇಲೆ ಅರ್ಧಕ್ಕೆ ಇಳಿಸಿ. ಹಿಂಬದಿಯನ್ನೂ ತೆಗೆಯಿರಿ. ದೊಡ್ಡ ಕ್ಯಾಲೆಂಡರಿಗೆ ಕ್ಯಾಮೆರಾವೇ ಮೇಲು: ಎರಡೂ ಬದಿಯಿಂದ 45 ಡಿಗ್ರಿಯಲ್ಲಿ ಬೆಳಕು, ಪಕ್ಕದಲ್ಲೊಂದು ಅಳತೆ ಪಟ್ಟಿ, ಫ್ಲ್ಯಾಶ್ ಬೇಡ.

ಇವುಗಳ ಚಿತ್ರ ಎಲ್ಲಾರಿಗೂ ತೋರಸಬಹುದೇನು? ಹೊರದೇಶದವರು ಕೇಳಿದರ ಮಾರಬಹುದೇನು?

ಎರಡೂ ಬೇರೆ ಬೇರೆ ಕಾನೂನು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ರಚಿಸಿದವರ ಹೆಸರಿಲ್ಲದ ಕೃತಿಗೆ ಪ್ರಕಟವಾದ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಕಲಾವಿದನ ಹೆಸರಿದ್ದರೆ ಆತ ತೀರಿಕೊಂಡ ಮರುವರ್ಷದಿಂದ 60. ಎಸ್. ಎಂ. ಪಂಡಿತರು ತೀರಿಕೊಂಡದ್ದು 1993ರಲ್ಲಿ, ಅವರ ಚಿತ್ರಗಳ ಹಕ್ಕು ಇನ್ನೂ ಇದೆ. ಅಂಗಡಿಯ ಛಾಪ ಈಗಲೂ ಬಳಕೆಯಲ್ಲಿದ್ದರೆ ಅದನ್ನು ನಿಮ್ಮ ಸರಕಿನ ಮೇಲೆ ಹಾಕುವಂತಿಲ್ಲ.

ಹೊರದೇಶಕ್ಕೆ ಕಳಿಸುವ ಮೊದಲು 1972ರ ಪ್ರಾಚ್ಯವಸ್ತು ಕಾಯ್ದೆ ನೋಡಬೇಕು. ಐತಿಹಾಸಿಕ ಅಥವಾ ಕಲಾತ್ಮಕ ಮೌಲ್ಯದ ದಾಖಲೆ 75 ವರ್ಷ ದಾಟಿದ್ದರೆ ಪ್ರಾಚ್ಯವಸ್ತುವಾಗುತ್ತದೆ, ಇತರ ಕಲಾವಸ್ತು 100 ವರ್ಷಕ್ಕೆ. ಪ್ರಾಚ್ಯವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಅನುಮಾನವಿದ್ದರೆ ಭಾರತೀಯ ಪುರಾತತ್ವ ಇಲಾಖೆಯಿಂದ ‘ಪ್ರಾಚ್ಯವಸ್ತುವಲ್ಲ’ ಎಂಬ ಪ್ರಮಾಣಪತ್ರ ಪಡೆಯಬೇಕು.

ಮನ್ಯಾಗ ಯಾರಿಗೂ ಆಸಕ್ತಿ ಇಲ್ಲ. ನನ್ನ ಕಡಿಂದ ಯಾರ ಕೈಗೆ ಕೊಡಬೇಕು?

ಬದುಕಿದ್ದಾಗಲೇ, ಪಟ್ಟಿಯೊಂದಿಗೆ, ಇಡಿಯಾಗಿ ಕೊಡಿ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನ ಸಂಸ್ಥೆ, 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ ಇವೆ. ಮೊದಲು ಪಟ್ಟಿ ಮತ್ತು ಹತ್ತು ಸ್ಕ್ಯಾನು ಕಳಿಸಿ, ಇಟ್ಟುಕೊಳ್ಳುತ್ತಾರೆಯೇ ಎಂದು ವಿಚಾರಿಸಿ. ಒಪ್ಪಿದರೆ ಮೂರು ಮಾತು ಬರಹದಲ್ಲಿ ಆಗಲಿ: ಸಂಗ್ರಹ ಒಡೆಯಬಾರದು, ಓದುವವರಿಗೆ ತೋರಿಸಬೇಕು, ಬೇಡವಾದಾಗ ಮಾರದೆ ಇನ್ನೊಂದು ಸಂಸ್ಥೆಗೆ ಒಪ್ಪಿಸಬೇಕು. ಎಣಿಸಿ ಕೊಟ್ಟು ರಸೀದಿ ಪಡೆಯಿರಿ. ಸಂಸ್ಥೆ ಒಪ್ಪದಿದ್ದರೆ ಅದೇ ವಿಷಯ ಹಿಡಿದ ಕಿರಿಯ ಸಂಗ್ರಾಹಕರೊಬ್ಬರಿಗೆ ಕೊಡಿ, ಸ್ಕ್ಯಾನಿನ ಒಂದು ಪ್ರತಿಯನ್ನು ಬೇರೆ ಊರಿನಲ್ಲಿರುವ ಇನ್ನೊಬ್ಬರ ಹತ್ತಿರ ಇಡಿ.